ಒಂಬತ್ತನೇ ಗೂಟ

ಚಪ್ಪಲಿ ಜಾರುತ್ತದೆ, ನೋಡಿಕೊಂಡು ಇಳಿಯಿರಿ.
ಇದು ಮೆಟ್ಟಿಲೆಂದು ಕಡಿದ ಮೆಟ್ಟಿಲಲ್ಲ.
ಸಾಲು ಸಾಲಾಗಿ ಚಿರೆಕಲ್ಲು ಎದ್ದುಹೋದ ಮೇಲೆ
ಉಳಿದ ಜಾಗ. ನಿಮ್ಮ ಕಾಲಿಗೆ ಸರಿಹೊಂದಿದರೆ
ಅದು ನಿಮ್ಮ ಅದೃಷ್ಟ.

ಹೊಲನಗದ್ದೆ ಬದಿಯಿಂದ ಹತ್ತಿ ಬಂದಿರಲ್ಲ,
ದಾರಿಯಲ್ಲಿ ಸಿಕ್ಕ ಶಾಲೆ, ಸೊಸೈಟಿ, ಬಾವಿಕಟ್ಟೆ,
ಮಸೀದಿಯ ಹಿಂದಿನ ಉದ್ದ ಗೋಡೆ,
ಎಲ್ಲ ಇಲ್ಲೇ ಇದ್ದವು, ಈಗ ಗಾಳಿ ಇರುವಲ್ಲಿ,
ಒಂದಕ್ಕೊಂದು ಒತ್ತಿಕೊಂಡು, ಕತ್ತಲಲ್ಲಿ.

ಒಂದನೇ ಗೂಟ: ಕವಳಿ.
ಎಳೆಯದು ಉಪ್ಪಿನಕಾಯಿಗೆ, ಕಪ್ಪಾದದ್ದು ಮಕ್ಕಳ ನಾಲಿಗೆಗೆ.
ಎರಡು: ಕೇಪಳ.
ಮೂರು: ಅಕೇಶಿಯಾ. ಇಲಾಖೆಯವರು ನೆಟ್ಟದ್ದು. ಬಯ್ಯಬೇಡಿ,
ಈ ಕುಳಿಗೆ ಮೊದಲ ನೆರಳು ಅದರದ್ದೇ.
ನಾಲ್ಕಕ್ಕೆ ಬೋರ್ಡು ಇದೆ, ಗಿಡ ಇಲ್ಲ. ದನ ತಿಂದವು.

ಐದು: ಬಗ್ಗಿ ನೋಡಿ. ಇನ್ನೂ ಬಗ್ಗಿ.
ಉಗುರಗಲದ ಕೆಂಪೆಲೆ, ಮೈತುಂಬ ಅಂಟಿನ ಹನಿ.
ನುಸಿ ಕೂತರೆ ಮೆಲ್ಲಗೆ ಮಡಚಿಕೊಳ್ಳುತ್ತದೆ.
ಬೋಳು ಕಲ್ಲಿನಲ್ಲಿ ಎಂತ ಸಿಗಬೇಕು ಅದಕ್ಕೆ?
ಕಲ್ಲು ಕೊಡದ್ದನ್ನು ನುಸಿಯಲ್ಲಿ ಹುಡುಕುತ್ತದೆ.

ಕೆಳಗಿನ ನೀರು ಜನವರಿ ತನಕ ಇರುತ್ತದೆ.
ಮಂಗಳೂರಿನ ರೈಲು ಹೋದಾಗ ಅದರ ಮೈ ನಡುಗುತ್ತದೆ,
ಮಿಂಚುಳ್ಳಿ ಮಾತ್ರ ನಡುಗುವುದಿಲ್ಲ.
ಫೋಟೋ ಬೇಕಾದರೆ ಈ ಬದಿಯಿಂದ ತೆಗೆಯಿರಿ,
ಹಿಂದೆ ಸಮುದ್ರವೂ ಒಂದು ಗೆರೆ ಬರುತ್ತದೆ.

ಎಷ್ಟು ವರ್ಷದಿಂದ ಇಲ್ಲಿದ್ದೀರಿ ಎಂದು ಕೇಳಿದಿರಿ.
ಗೈಡಾಗಿ ಮೂರು.
ಅದಕ್ಕೂ ಹಿಂದೆ ಹನ್ನೊಂದು, ರೈಟರ್ ಆಗಿ.
ಕ್ವಾರಿಯ ರೈಟರ್ ಎಂದರೆ ಕಥೆ ಬರೆಯುವವನಲ್ಲ,
ಲೋಡು ಬರೆಯುವವ.
ಆದರೂ ಸ್ವಲ್ಪ ಕಥೆ ಬರೆದಿದ್ದೇನೆ.

ಆ ಗೋಡೆಯಲ್ಲಿ ಏಣಿಯಂತೆ ಮೇಲೇರಿದ ಗೂಡುಗಳು,
ಒಂದು ಹೆಬ್ಬೆರಳು ಹಿಡಿಯುವಷ್ಟು,
ಜಟ್ಟು ಮುಕ್ರಿ ಪಿಕಾಸಿಯಿಂದ ತೋಡಿದ್ದು, ತನ್ನ ಕಾಲಿಗೆ.
ಮಂಕಾಳಿ ಸಿಂಬೆ ಇಟ್ಟು ಕಲ್ಲು ಹೊತ್ತು ನಿಂತಾಗ
ಕತ್ತಿನ ನರ ಬಳ್ಳಿಯಂತೆ ಏಳುತ್ತಿತ್ತು.
ಹಸಿಕಲ್ಲು ಬೆಲ್ಲದ ಹಾಗೆ, ಹೇಳಿದಂತೆ ಕೇಳುತ್ತದೆ,
ಗಾಳಿ ತಾಗಿತೋ, ಮತ್ತೆ ಯಾರ ಮಾತೂ ಇಲ್ಲ.
ಕಲ್ಲಿಗೆ ಎಂಟಾಣೆ ಕೂಲಿ.
ಒಡೆದದ್ದಕ್ಕೆ ಇಲ್ಲ.

ನನ್ನ ಪುಸ್ತಕದಲ್ಲಿ ಅದಕ್ಕೊಂದು ಕಾಲಮು.
ಲೋಡಿಗೆ ಹದಿನೈದು ಒಡೆದದ್ದು ಎಂದು ಬರಿ
ಎಂದರು ಧನಿ. ಬರೆದೆ.
ಜಟ್ಟುಗೆ ಓದು ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು.
ಒಂದು ಶನಿವಾರ ಬಟವಾಡೆಯಲ್ಲಿ ಕೇಳಿದ,
"ರೈಟ್ರೇ, ಒಡೆದದ್ದೆಲ್ಲ ಎಲ್ಲಿ ಹೋಯ್ತು?
ರಾಶಿ ಕಾಣುದಿಲ್ಲ."
ನಾನು ಪೆನ್ನಿನ ಮುಚ್ಚಳ ಹಾಕಿದೆ.

ಈಗ ದಿನಾ ಎರಡು ಸಲ ಇಳಿದು ಹತ್ತುತ್ತೇನೆ.
ನಿಜವಾಗಿ ಒಡೆದ ಕಲ್ಲು ಇಲ್ಲೇ ಇದೆ,
ಕೊಂಡುಹೋಗಲು ಅದು ಯಾರಿಗೂ ಬೇಡ.
ಪಾಚಿ ಹೊದ್ದಿದೆ, ಜರಿಗಿಡ ಹುಟ್ಟಿದೆ,
ಆದರೂ ಎಣಿಸಬಹುದು.
ಈ ಮಳೆಗಾಲದ ತನಕ ನಾಲ್ಕು ಸಾವಿರದ ಚಿಲ್ಲರೆ ಸಿಕ್ಕಿದೆ.
ನಾನು ಬರೆದದ್ದು ಅದರ ಹತ್ತು ಪಟ್ಟು.
ಉಳಿದವು ಗಟ್ಟಿಯಾಗಿಯೇ ಇವೆ,
ಗಿಲಾವು ಹೊಡೆಸಿಕೊಂಡು, ಯಾರ್ಯಾರದೋ ಗೋಡೆಗಳಲ್ಲಿ.

ಕಾಡು ಎಲ್ಲ ಮುಚ್ಚಿಬಿಟ್ಟಿತು ಎನ್ನುತ್ತಾರೆ ಬಂದವರು.
ನನಗೆ ಹಾಗೆ ಕಾಣುವುದಿಲ್ಲ.
ಜಟ್ಟು ಕಾಲೂರಿದ ಗೂಡೊಂದರಲ್ಲಿ
ಕಪ್ಪೆ ಕೂತಿದೆ, ನೋಡಿ, ಕೆಳಗಿನಿಂದ ಏಳನೆಯದು.
ಹಗಲೆಲ್ಲ ಕಣ್ಣು ಬಿಟ್ಟೇ ಇರುತ್ತದೆ.

ಅದರ ಕೆಳಗಿನದೇ ಒಂಬತ್ತನೇ ಗೂಟ.
ಬೋರ್ಡು ಖಾಲಿ. ರೇಂಜರು ಎರಡು ಸಲ ಕೇಳಿದರು,
ಇಲ್ಲಿ ಯಾವ ಗಿಡ ಎಂದು.
ಬಣ್ಣ ಮುಗಿದಿದೆ ಸಾರ್ ಎಂದೆ.
ಆಮೇಲೆ ಬಣ್ಣವೂ ಬಂತು.

ಬನ್ನಿ, ಕತ್ತಲಾಗುವುದರೊಳಗೆ ಮೇಲೆ ಹೋಗಬೇಕು.
ಹತ್ತು: ಹೊನ್ನೆ.
ಗೀರಿದರೆ ಕೆಂಪು ಒಸರುತ್ತದೆ.
ಗೀರಬೇಡಿ. ನಾನು ಹೇಳಿದ್ದನ್ನು ನಂಬಿ,
ಇದೊಂದನ್ನು.